ತಕಿಟ ಮೇಷ್ಟ್ರು ಮತ್ತು ಮೂರು ಉಂಬಳ

ಸ್ಕೂಲಿನ ಸಂಚಿಕೆಗೆ ಏನಾದ್ರೂ ಬರ್ಕೊಡು ಅಂತ ಬ್ಯಾಚಿನ ವಾಟ್ಸಾಪ್ ಗ್ರೂಪಲ್ಲಿ ಎರಡು ತಿಂಗಳಿಂದ ಪೀಡಿಸ್ತಾ ಇದ್ರು, ನಾನು ಆಯ್ತು ಆಯ್ತು ಅಂತ ತಳ್ಕೊಂಡು ಬಂದೆ. ಹೋದ ಆಷಾಢದಲ್ಲಿ ಅದೇ ಗ್ರೂಪಲ್ಲಿ ಕನ್ನಡ ಮೇಷ್ಟ್ರು ತೀರ್ಕೊಂಡ್ರು ಅಂತ ಮೆಸೇಜ್ ಬಂತು, ಕೆಳಗೆ ಸಾಲಾಗಿ ಕೈಮುಗಿದ ಎಮೋಜಿ. ನಾನೂ ಒಂದು ಹಾಕಿದೆ. ಆಮೇಲೆ ಯಾಕೋ ಇಡೀ ದಿನ ಕೆಲಸ ಹತ್ತಲಿಲ್ಲ.

1988ರಲ್ಲಿ ನಾನು ಒಂಬತ್ತನೇ ಕ್ಲಾಸು. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ದಾರಿಯಲ್ಲಿ ನಮ್ಮ ಸ್ಕೂಲು, ಹೆಂಚಿನ ಮಾಡು, ಮಳೆಗಾಲದಲ್ಲಿ ಮೇಷ್ಟ್ರು ಹೇಳಿದ್ದು ಮೂರನೇ ಬೆಂಚಿಂದ ಆಚೆಗೆ ಮುಟ್ಟುತ್ತಿರ್ಲಿಲ್ಲ. ಆ ವರ್ಷ ಗಣಿತದಲ್ಲಿ ಏನಿತ್ತು, ಭೂಗೋಳದಲ್ಲಿ ಏನಿತ್ತು ಅಂತ ಕೇಳ್ಬೇಡಿ. ನೆನಪಿರೋದು ಮೇಷ್ಟ್ರ ಬೆರಳು. ಬಲಗೈಯ ಬೆರಳುಗಳಲ್ಲಿ ಮೇಜಿನ ಮೇಲೆ ತಕಿಟ ತಕಧಿಮಿ ತಕಿಟ ತಕಧಿಮಿ ಅಂತ ಬಡಿಯೋರು, ಅಷ್ಟಾದ್ರೆ ಆರು ಸಾಲಿನ ಭಾಮಿನಿ ಷಟ್ಪದಿಯ ಒಂದು ಸಾಲು, 14 ಮಾತ್ರೆ. ಮೂರನೇ ಸಾಲಿಗೂ ಆರನೇ ಸಾಲಿಗೂ ಇನ್ನೊಂದು ತಕಿಟ ತಕಧಿಮಿ ಜಾಸ್ತಿ, ಕೊನೆಗೊಂದು ಗುರು, ಅಂದ್ರೆ ಎರಡು ಮಾತ್ರೆಯ ಅಕ್ಷರ, ಅಲ್ಲಿ ಕೈ ಎತ್ತಿ ಗಾಳೀಲಿ ನಿಲ್ಲಿಸೋರು, 23 ಮಾತ್ರೆ. ಹಿಂದಿನ ಬೆಂಚಿನವರಿಗೆ ಮಾತು ಕೇಳದಿದ್ರೂ ಎತ್ತಿದ ಕೈ ಕಾಣ್ತಿತ್ತು. ಅದಕ್ಕೇ ತಕಿಟ ಮೇಷ್ಟ್ರು ಅಂತ ಹೆಸರು, ಅವರಿಗೂ ಗೊತ್ತಿತ್ತು.

ಅವರು ಹುಟ್ಟಿ ಬೆಳೆದದ್ದು ಶಿವಮೊಗ್ಗದ ಹತ್ರ, ಹೊಸಹಳ್ಳಿ ಗಮಕ, ಅಂದ್ರೆ ಕಾವ್ಯವನ್ನ ರಾಗವಾಗಿ ಓದೋದು, ಅದನ್ನ ಕೇಳ್ಕೊಂಡು. ತುಂಗೆಯ ಈ ದಡದಲ್ಲಿ ಮತ್ತೂರು, ಸಂಸ್ಕೃತದ್ದು, ಆ ದಡದಲ್ಲಿ ಹೊಸಹಳ್ಳಿ, ಗಮಕದ್ದು. ಹೊಸ ಪದ್ಯ ಶುರು ಮಾಡೋ ದಿನ ಪುಸ್ತಕ ತೆಗಿಯೋ ಹಾಗಿಲ್ಲ, ಬೋರ್ಡ್ ಮೇಲೂ ಏನೂ ಬರಿತಿರ್ಲಿಲ್ಲ. ಮೊದಲನೇ ಸಲ ಸುಮ್ನೆ ಓದೋರು. ಎರಡನೇ ಸಲ ನಾವು ಬೆಂಚು ತಟ್ಟಬೇಕು. ಮೂರನೇ ಸಲ ಓದುವಾಗ ತಾಳ ಬಿಟ್ಟು ಅರ್ಥ ಎಲ್ಲಿ ನಿಲ್ಲುತ್ತೋ ಅಲ್ಲಿ ನಿಲ್ಸೋರು, ಆಗ ಗೊತ್ತಾಗ್ತಿತ್ತು, ಸಾಲು ಮುಗಿದ್ರೂ ಮಾತು ಮುಗ್ದಿರಲ್ಲ, ಪದ ಅರ್ಧಕ್ಕೆ ಮುರಿದು ಕೆಳಗಿನ ಸಾಲಿಗೆ ಇಳಿದಿರುತ್ತೆ. ಆಮೇಲೇ ಪುಸ್ತಕ. ಈಗ ಎರಡನೇ ಅಕ್ಷರ ನೋಡ್ರೋ ಅನ್ನೋರು, ನೋಡಿದ್ರೆ ಆರೂ ಸಾಲಲ್ಲಿ ಒಂದೇ ಅಕ್ಷರ ಒಂದರ ಕೆಳಗೊಂದು ಕೂತಿರ್ತಿತ್ತು. ಪ್ರಾಸ ಅನ್ನೋ ಮಾತನ್ನ ನಾವು ಕಂಡುಹಿಡಿದ ಮೇಲೆ ಹೇಳಿದ್ರು.

ಇನ್ನು ಉಂಬಳದ ವಿಷಯ, ಅದೇ ಮಳೆಗಾಲದಲ್ಲಿ ಕಾಲಿಗೆ ಹತ್ತೋ ಜಿಗಣೆ. ಯಾರು ಮಾಡಿದ್ದು ಅಂತ ಇವತ್ತಿಗೂ ರೀಯೂನಿಯನ್‌ಗಳಲ್ಲಿ ವಾದ ಇದೆ, ನಾನೇ ಮಾಡಿದ್ದು, ಇಲ್ಲಿ ಬರವಣಿಗೆಯಲ್ಲಿ ಒಪ್ಕೊಂಡು ಬಿಡ್ತೀನಿ. ಜುಲೈ ತಿಂಗಳು, ತೋಟದಲ್ಲಿ ನೀರು ಹರಿಯೋ ಕಪ್ಪಿನ ಹತ್ರ ಮೂರು ಉಂಬಳ ಹಿಡಿದು ಒದ್ದೆ ಪಾಚಿ ಸುತ್ತಿ ಬೆಂಕಿಪೊಟ್ಟಣದಲ್ಲಿ ತಂದು, ಪ್ರೇಯರ್ ಟೈಮಲ್ಲಿ ಚಾಕ್‌ಪೀಸ್ ಡಬ್ಬಿಯೊಳಗೆ ಬಿಟ್ಟೆ. ಮೇಷ್ಟ್ರು ಬಂದ್ರು, ಕೊಡೆ ಮೂಲೆಗಿಟ್ರು, ಡಬ್ಬಿ ತೆಗೆದ್ರು, ನೋಡಿದ್ರು, ಮುಚ್ಚಿದ್ರು. ಒಂದು ಮಾತಿಲ್ಲ. ಬೆಂಚುಗಳ ನಡುವೆ ನಿಧಾನಕ್ಕೆ ನಡಿಯೋಕೆ ಶುರು ಮಾಡಿದ್ರು, ತಲೆ ತಗ್ಗಿಸಿ ಬರೀ ಕಾಲು ನೋಡ್ತಾ. ಎಲ್ಲರದ್ದೂ ಅರ್ಧ ಚಡ್ಡಿ. ನನ್ನ ಮೊಣಕಾಲಿನ ಕೆಳಗಿಂದ ಹಿಮ್ಮಡಿವರೆಗೆ ರಕ್ತ ಇಳೀತಾ ಇತ್ತು, ನನಗೇ ಗೊತ್ತಿಲ್ಲ, ಹಿಡಿಯೋಕೆ ಹೋದಾಗ ನಾಲ್ಕನೇದೊಂದು ಹತ್ಕೊಂಡಿತ್ತು. ಉಂಬಳ ಕಚ್ಚಿದ್ದು ಗೊತ್ತಾಗಲ್ಲ, ರಕ್ತ ಬೇಗ ನಿಲ್ಲೋದೂ ಇಲ್ಲ, ಮಲೆನಾಡಿನವರಿಗೆ ಇದನ್ನ ಹೇಳ್ಬೇಕಾಗಿಲ್ಲ.

ಎಲೆಯಡಿಕೆ ಡಬ್ಬಿಯಿಂದ ಸುಣ್ಣ ತೆಗೆದು ಅವರೇ ನನ್ನ ಕಾಲಿಗೆ ಹಚ್ಚಿದ್ರು. ಹೊಡಿತಾರೆ ಅಂತ ಕಣ್ಣು ಮುಚ್ಕೊಂಡಿದ್ದೆ. "ನಾಳೆ ಉತ್ತರಕುಮಾರನ ಪದ್ಯ ನೀನೇ ಪಾಠ ಮಾಡು, ಪೂರ್ತಿ ಪೀರಿಯಡ್" ಅಂದ್ರು.

ಹೊಡೆದಿದ್ರೇ ಚೆನ್ನಾಗಿತ್ತು. ರಾತ್ರಿ ಲಾಟೀನು ಇಟ್ಕೊಂಡು ಗೈಡ್ ಉರು ಹೊಡೆದೆ. ಬೆಳಗ್ಗೆ ಅಮ್ಮನ ಎದುರು, ಅಡಿಗೆಮನೆಯಲ್ಲಿ, ಒಂದಕ್ಷರ ತಪ್ಪದೆ ಒಪ್ಪಿಸಿದೆ, ಭಾರೀ ಧೈರ್ಯ ಬಂತು. ಕ್ಲಾಸಲ್ಲಿ ಮೇಷ್ಟ್ರು ಹೋಗಿ ಹಿಂದೆ ನನ್ನ ಜಾಗದಲ್ಲೇ ಕೂತ್ರು. ಕುಮಾರವ್ಯಾಸ, ಗದುಗಿನ ನಾರಣಪ್ಪ, 15ನೇ ಶತಮಾನ, ವೀರನಾರಾಯಣನ ಗುಡಿ, ವಿರಾಟಪರ್ವ, ಹೆಂಗಸರ ಮುಂದೆ ಬಡಾಯಿ ಕೊಚ್ಚಿದ ಉತ್ತರ ಕೌರವರ ಸೇನೆ ಕಂಡ ಕೂಡಲೇ ರಥದಿಂದ ಹಾರಿ ಓಡಿದ, ಬೃಹನ್ನಳೆ ಹಿಡ್ಕೊಂಡು ಬಂದಳು, ಸಾರಾಂಶ, ಮುಗೀತು. ಆರು ನಿಮಿಷ ಆಗಿರ್ಬೇಕು. ಹುಡುಗರು ಒಬ್ಬರ ಬೆನ್ನಿಗೊಬ್ಬರು ಏನೋ ಅಂಟಿಸ್ತಾ ಇದ್ರು. ನನಗೆ ಕಾಲು ನಡುಗ್ತಾ ಇತ್ತು, ರಥ ಇದ್ದಿದ್ರೆ ನಾನೂ ಹಾರಿ ಓಡ್ತಿದ್ದೆ.

"ಆಯ್ತೇನೋ?"

"ಆಯ್ತು ಸಾರ್."

"ಪದ್ಯ ಓದಲೇ ಇಲ್ವಲ್ಲೋ."

ನಿಜವಾಗ್ಲೂ ಓದಿರ್ಲಿಲ್ಲ. ಕವಿಯ ಊರು ಹೇಳಿದ್ದೆ, ಕಾಲ ಹೇಳಿದ್ದೆ, ಪದ್ಯ ಒಂದನ್ನ ಬಿಟ್ಟು ಎಲ್ಲಾ ಹೇಳಿದ್ದೆ. ಆಮೇಲೆ ಓದಿದೆ, ಅವರು ಹಿಂದಿನ ಬೆಂಚಿಂದ ತಾಳ ಹಾಕಿದ್ರು, ಮೊದಲನೇ ಸಲ ಎಡವಿದೆ, ಎರಡನೇ ಸಲ ಇಡೀ ಕ್ಲಾಸು ಬೆಂಚು ಬಡಿತು, ಮೂರನೇ ಸಲಕ್ಕೆ ಒಬ್ಬ ಎದ್ದು ಉತ್ತರನ ಥರ ಬಾಗಿಲ ಕಡೆ ಓಡಿದ, ಇನ್ನೊಬ್ಬ ಬೃಹನ್ನಳೆ ಆಗಿ ಕಾಲರ್ ಹಿಡಿದ, ಪಕ್ಕದ ಕ್ಲಾಸಿನ ಗಣಿತದ ಮೇಷ್ಟ್ರು ಏನ್ರೀ ಇದು ಸಂತೆ ಅಂತ ಬಂದು ನಿಂತ್ರು. ನಮ್ಮವರು ಎದ್ದು "ಪಾಠ ಆಗ್ತಿದೆ" ಅಂದ್ರು, ಅಷ್ಟೇ. ಅವತ್ತಿಂದ ಎಸ್ಸೆಸ್ಸೆಲ್ಸಿ ಮುಗಿಯೋವರೆಗೆ ನನ್ನನ್ನ ಉತ್ತರಕುಮಾರ ಅಂತಲೇ ಕರೆದ್ರು.

ನನ್ನ ಮಗಳು ಬೆಂಗಳೂರಲ್ಲಿ ಒಂದು ದೊಡ್ಡ ಸ್ಕೂಲಿಗೆ ಹೋಗ್ತಾಳೆ, ಫೀಸು ಬರೆದ್ರೆ ನೀವು ನಂಬಲ್ಲ. ಹೋದ ವರ್ಷ ಇದೇ ಕವಿಯ ಪದ್ಯಕ್ಕೆ ಪಿಪಿಟಿ ಮಾಡ್ಕೊಂಡು ಬನ್ನಿ ಅಂದಿದ್ರಂತೆ. "ಅಪ್ಪಾ, ಕುಮಾರವ್ಯಾಸಂದು ಒಳ್ಳೆ ಫೋಟೋನೇ ಸಿಗ್ತಿಲ್ಲ" ಅಂತ ರಾತ್ರಿ ಹನ್ನೊಂದಕ್ಕೆ ಕೂತಿದ್ಲು. ಹನ್ನೆರಡು ಸ್ಲೈಡು, ಕೊನೇದರಲ್ಲಿ ಗುಲಾಬಿ ಹೂವಿನ ಥ್ಯಾಂಕ್ಯೂ. ಪದ್ಯ ಓದಿ ತೋರ್ಸು ಅಂದೆ, ಅದು ಮಾರ್ಕ್ಸ್‌ಗೆ ಇಲ್ಲ ಅಂದ್ಲು. ನಾನು ಮೇಜು ತಟ್ಟಿ ಶುರು ಮಾಡಿದೆ, ಕೆಳಗಿನ ಫ್ಲಾಟಿನವರು ಫೋನ್ ಮಾಡಿದ್ರು. ಹೇಳ್ಕೋಬಾರ್ದು, ಆದ್ರೂ ಹೇಳ್ತೀನಿ, ನಮ್ಮ ಕಂಪನಿಯಲ್ಲಿ ಕ್ಲೈಂಟ್ ಮುಂದೆ ಮಾತಾಡೋಕೆ ನನ್ನನ್ನೇ ಕಳಿಸೋದು, ಬೆಸ್ಟ್ ಪ್ರೆಸೆಂಟರ್ ಅಂತ ಗಾಜಿನ ಫಲಕಾನೂ ಇದೆ ಮನೇಲಿ. ನಾನು ಮೊದಲ ಐದು ನಿಮಿಷ ಸ್ಲೈಡೇ ಹಾಕಲ್ಲ. ಎಲ್ಲಿಂದ ಕಲಿತೆ ಅಂತ ಕೇಳ್ತಾರೆ, ತೀರ್ಥಹಳ್ಳಿ ಅಂದ್ರೆ ನಗ್ತಾರೆ.

ವೈಕುಂಠ ಸಮಾರಾಧನೆಗೆ ನಾವು ಐದು ಜನ ಹೋಗಿದ್ವಿ. ಜಗುಲಿಯಲ್ಲಿ ಕೂತು ಮಳೆ ನೋಡ್ತಾ ಯಾರೋ ಲೋಟದ ಮೇಲೆ ತಕಿಟ ಶುರು ಮಾಡಿದ್ರು, ಪದ್ಯ ಅದಾಗಿಯೇ ಬಂತು, ಐದು ಸಾಲು. ಆರನೇದು ಯಾರಿಗೂ ಇಲ್ಲ. ಪ್ರಾಸ ಹಿಡಿದು ಹುಡುಕೋಣ ಅಂದ ಒಬ್ಬ, ಎಂಜಿನಿಯರ್ ಅವನು, ಆಗ್ಲಿಲ್ಲ. ಗೂಗಲ್ ಮಾಡೋಣ ಅಂದ್ರೆ ಅಲ್ಲಿ ನೆಟ್‌ವರ್ಕ್ ಎಲ್ಲಿಂದ ಬರ್ಬೇಕು. ಅಷ್ಟರಲ್ಲಿ ಒಳಗಿಂದ, ಬಾಗಿಲ ಹಿಂದಿಂದ, ಮೇಷ್ಟ್ರ ಹೆಂಡತಿಯ ದನಿ, ಆರನೇ ಸಾಲು ಪೂರ್ತಿ, ಕೊನೇ ಗುರು ಕೂಡ ಎಳೆದು.

ನಾವು ತಿರುಗಿ ನೋಡಿದ್ವಿ. ಅಮ್ಮ ಸೆರಗಲ್ಲಿ ಕೈ ಒರೆಸ್ಕೊಳ್ತಾ ಹೊಸಲಿಗೆ ಬಂದು ನಿಂತ್ರು. "ದಿನಾ ಬೆಳಗ್ಗೆ ಬಚ್ಚಲಲ್ಲಿ ಹಂಡೆಗೆ ಬೆಂಕಿ ಹಾಕ್ತಾ ಇದೇ ಪಾಠ. ಎಷ್ಟು ಸಲ ಹೇಳಿದ್ರೂ ನಾಳೆ ಮತ್ತೆ ಹೇಳ್ಕೊಳ್ಳೋರು, ಹುಡುಗರ ಮುಂದೆ ತಪ್ಪಿದ್ರೆ ಅಂತ. ಉತ್ತರನ ಪೌರುಷ ಒಲೆ ಮುಂದೆ ಅಂತ ನಾನು ಆಡ್ಕೊಳ್ತಿದ್ದೆ" ಅಂದ್ರು. "ಏಳಿ, ಎಲೆ ಹಾಕಿದೆ."