ಒಂದೇ ಥರದ ಎಂಟು

ತಗಡಿನ ಮೇಲೆ ಆಸಿಡ್ಡಿನಿಂದ ಚಿತ್ರ ಕೊರೆದು, ಮಸಿ ತುಂಬಿ, ಕಾಗದಕ್ಕೆ ಅಚ್ಚೊತ್ತುವ ಎಚಿಂಗ್ ತರಗತಿ. ಮೇಷ್ಟ್ರು ಹೇಳಿದ್ದು ಇಷ್ಟೇ: "ಈ ತಗಡಿನಿಂದ ಎಂಟು ಅಚ್ಚು ತೆಗೆಯಿರಿ. ಎಂಟೂ ಒಂದೇ ಥರ ಇರಬೇಕು." ನನ್ನ ಕಿವಿಗೆ ಬಿದ್ದದ್ದು ಮೊದಲ ವಾಕ್ಯ ಮಾತ್ರ.

ಕಷ್ಟದ ಕೆಲಸವೆಲ್ಲ ಮುಗಿದಿದೆ ಎಂಬ ಭ್ರಮೆಯಲ್ಲಿದ್ದೆ. ಸತುವಿನ ತಗಡಿನ ಅಂಚುಗಳನ್ನು ಅರದಿಂದ ಉಜ್ಜಿ ಇಳಿಜಾರು ಮಾಡಿದ್ದೆ, ಮೇಣದ ಲೇಪ ಹಾಕಿ ಸೂಜಿಯಿಂದ ಗೀರಿದ್ದೆ. ನೈಟ್ರಿಕ್ ಆಸಿಡ್ಡಿನ ತೊಟ್ಟಿಯ ಮುಂದೆ ನಿಂತು, ಗೆರೆಗಳ ಮೇಲೆ ಏಳುವ ಗುಳ್ಳೆಗಳನ್ನು ಹಕ್ಕಿಯ ಗರಿಯಿಂದ ಸವರಿ ಸವರಿ ಓಡಿಸಿದ್ದೆ. ಗುಳ್ಳೆ ಅಲ್ಲೇ ಕೂತುಬಿಟ್ಟರೆ ಆಸಿಡ್ ಗೆರೆಯನ್ನು ಒಂದೇ ಸಮ ಕೊರೆಯುವುದಿಲ್ಲ. ನೆರಳಿಗೆಂದು ರಾಳದ ಪುಡಿ ಉದುರಿಸಿ, ಕೆಳಗಿನಿಂದ ಕಾಯಿಸಿ, ಗೆರೆಯಿಲ್ಲದೆ ಛಾಯೆ ಹಿಡಿಸುವ ಆಕ್ವಾಟಿಂಟ್ ಕೂಡ ಮಾಡಿದ್ದೆ. ಚಿತ್ರವೇನೂ ದೊಡ್ಡದಲ್ಲ, ಕಿಟಕಿಯ ಪಕ್ಕ ಒಂದು ಖಾಲಿ ಕುರ್ಚಿ. ಇನ್ನು ಮಸಿ ಬಳಿಯುವುದು, ಒರೆಸುವುದು, ಪ್ರೆಸ್ಸಿಗೆ ಕೊಡುವುದು. ಅದೆಲ್ಲ ಬರೀ ಕೈಕೆಲಸ ಅಂದುಕೊಂಡಿದ್ದೆ. "ಒಂದು ಬರೆದು ಜೆರಾಕ್ಸ್ ಮಾಡಿಸಿದರೆ ಆಗದೇ?" ಎಂದು ಕೇಳಿದ್ದ ಚಿಕ್ಕಪ್ಪನ ಮೇಲೆ ರೇಗಿದ್ದೆನಲ್ಲ, ಒಳಗೊಳಗೆ ನಾನೂ ಅವರ ಪಕ್ಷದಲ್ಲೇ ಇದ್ದೆ.

ಮೊದಲನೆಯದು ಚೆನ್ನಾಗಿಯೇ ಬಂತು. ಪ್ರೆಸ್ಸಿನ ಉಣ್ಣೆಯ ಹೊದಿಕೆ ಎತ್ತಿ, ಒದ್ದೆ ಕಾಗದದ ಎರಡು ಮೂಲೆ ಹಿಡಿದು ಬಿಡಿಸಿದೆ. ಎಡಕ್ಕಿದ್ದ ಕುರ್ಚಿ ಬಲಕ್ಕೆ ಹೋಗಿ ಕೂತಿತ್ತು; ಅಚ್ಚಿನಲ್ಲಿ ಎಡಬಲ ಅದಲುಬದಲಾಗುವುದು ಲೆಕ್ಕದಲ್ಲಿದ್ದದ್ದೇ. ಎರಡನೆಯದರಲ್ಲಿ ಕಿಟಕಿಯ ಬೆಳಕು ಬೂದು ಬಣ್ಣಕ್ಕೆ ತಿರುಗಿತ್ತು. ಮೂರನೆಯದರಲ್ಲಿ ಕುರ್ಚಿಯ ಒಂದು ಕಾಲೇ ಮಾಯ.

ಎಲ್ಲ ಒರೆಸುವುದರಲ್ಲಿದೆ. ಗಂಜಿ ಹಾಕಿದ ಜಾಳು ಬಟ್ಟೆಯನ್ನು ಮುದ್ದೆ ಮಾಡಿ ತಗಡಿನ ಮೇಲೆ ಸುತ್ತುಸುತ್ತಾಗಿ ಆಡಿಸಬೇಕು. ಒತ್ತಿದಿರೋ, ಬಟ್ಟೆ ಗೆರೆಯೊಳಗಿನ ಮಸಿಯನ್ನೇ ಎತ್ತಿಕೊಂಡು ಬರುತ್ತದೆ. ಒತ್ತಲಿಲ್ಲವೋ, ಮೇಲೆ ಮಸಿಯ ಪೊರೆ ಉಳಿದು ಬೆಳಕೆಲ್ಲ ಮಂಕು. ಕೊನೆಯಲ್ಲಿ ಅಂಗೈಗೆ ಚೂರು ಸೀಮೆಸುಣ್ಣದ ಪುಡಿ ಸವರಿಕೊಂಡು, ಕೈಯ ಅಂಚಿನಿಂದ ಸರ್ರನೆ ಎಳೆಯಬೇಕು, ಮಲಗಿದ ಮಗುವಿನ ಮೈಮೇಲಿನ ಇರುವೆಯನ್ನು ತಳ್ಳಿದ ಹಾಗೆ. ಬೆಳಗಿನ ಕೈಗೆ ಆ ತಾಳ್ಮೆ ಇರುತ್ತದೆ. ಹಸಿದ ಮಧ್ಯಾಹ್ನದ ಕೈಗೆ ಇರುವುದಿಲ್ಲ. ಅಷ್ಟು ಹೊತ್ತಿಗೆ ಸೆಕೆಗೆ ಮಸಿಯೂ ಸಡಿಲವಾಗಿತ್ತು, ಬೆಳಗಿನ ಲೆಕ್ಕ ಯಾವುದೂ ನಡೆಯಲಿಲ್ಲ.

ನಾಲ್ಕನೆಯದನ್ನು ಕೆಡಿಸಿದ್ದು ಕಾಗದ. ನೆನೆಸಿದ ಹಾಳೆಯನ್ನು ಬ್ಲಾಟಿಂಗ್ ಪೇಪರ್ ನಡುವೆ ಇಟ್ಟು, ಮೇಲಿನ ನೀರಿನ ಹೊಳಪು ಹೋಗುವವರೆಗೆ ಒತ್ತಬೇಕು. ಅವಸರಪಟ್ಟೆ. ಹೊಳಪಿದ್ದ ಜಾಗದಲ್ಲೆಲ್ಲ ಮಸಿ ಹಿಡಿಯಲೇ ಇಲ್ಲ. ಐದನೆಯದರ ಬಿಳಿ ಅಂಚಿನ ಮೇಲೆ ನನ್ನ ಹೆಬ್ಬೆಟ್ಟು ಬಿದ್ದಿತ್ತು, ಒಂದೊಂದು ಗೆರೆಯೂ ಎಣಿಸುವಷ್ಟು ಸ್ಪಷ್ಟ. "ಇವತ್ತು ನೀನು ತೆಗೆದ ಅಚ್ಚುಗಳಲ್ಲಿ ಇದೇ ಅತ್ಯುತ್ತಮ" ಎಂದು ಪಕ್ಕದ ಮೇಜಿನ ಗೆಳತಿ ತೀರ್ಪು ಕೊಟ್ಟಳು.

ಸಂಜೆಯ ಹೊತ್ತಿಗೆ ಹನ್ನೊಂದು ಹಾಳೆಗಳಾಗಿದ್ದವು. ಮೇಷ್ಟ್ರು ಎಲ್ಲವನ್ನೂ ಸಾಲಾಗಿ ಹಾಸಿಸಿ, ಸೊಂಟದ ಮೇಲೆ ಕೈಯಿಟ್ಟು ಎರಡು ಸಲ ಓಡಾಡಿದರು. ಡಚ್ ಕಲಾವಿದ ರೆಂಬ್ರಾಂಟನ ಹೆಸರು ಹಿಡಿದು ನಾನೇ ಮೊದಲು ಬಾಯಿ ಬಿಟ್ಟೆ: "ರೆಂಬ್ರಾಂಟ್ ಕೂಡ ಒಂದೇ ತಗಡಿಗೆ ಬೇರೆ ಬೇರೆ ಥರ ಮಸಿ ಉಳಿಸಿ ಅಚ್ಚು ತೆಗೆಯುತ್ತಿದ್ದನಲ್ಲ ಸರ್."

"ಹೌದು. ಅವನು ಉಳಿಸುತ್ತಿದ್ದ. ನಿಮ್ಮದರಲ್ಲಿ ಉಳಿದುಬಿಟ್ಟಿದೆ."

ಬಗ್ಗಿ, ಒಂದೇ ಥರ ಬಂದಿದ್ದ ಮೂರು ಹಾಳೆಗಳನ್ನು ಪಕ್ಕಕ್ಕೆ ತೆಗೆದಿಟ್ಟರು. ಪೆನ್ಸಿಲ್ ತೆಗೆದುಕೊಂಡು ಮೊದಲನೆಯದರ ಕೆಳಗೆ 1/8 ಎಂದು ಬರೆಯಲು ಹೋದೆ. ತಡೆದರು. ಗೆರೆಯ ಕೆಳಗಿನ ಎಂಟು ಎಂದರೆ ಇದರಂಥವೇ ಒಟ್ಟು ಎಂಟಿವೆ ಎಂದು ನಾನು ಕೊಡುವ ಮಾತು. ಇನ್ನೂ ಐದು ಹುಟ್ಟಿಲ್ಲ, ಈಗಲೇ ಸಹಿ ಏಕೆ ಎಂದರು.

ಟರ್ಪೆಂಟೈನ್ ಸುರಿದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಗಡಿನ ಗೆರೆಗಳನ್ನು ತಿಕ್ಕಿದೆ. ಮಸಿ ಒಳಗೇ ಒಣಗಿದರೆ ನಾಳೆ ಆ ಗೆರೆ ಅಚ್ಚಿಗೆ ಬರುವುದಿಲ್ಲ. ನಾಳೆಗೆ ಎಂಟು ಹಾಳೆ ನೆನೆಸಿ, ಒಂದರ ಮೇಲೊಂದು ಪೇರಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟೆ. ಬೇಕಾದದ್ದು ಐದೇ. ನನ್ನ ಕೈಯ ಮೇಲೆ ಅಷ್ಟು ನಂಬಿಕೆ ಇರಲಿಲ್ಲ.