ಲೆನ್ಸ್ ಮತ್ತು ತುಂಗೆ

ತಂಗಿ ಮಗಳು ಕನ್ನಡಕ ಬಿಟ್ಟು ಲೆನ್ಸ್ ಹಾಕಿಕೊಳ್ಳುತ್ತಿದ್ದಾಳೆ. ಶಿವಮೊಗ್ಗದ ಮಳೆಯಲ್ಲಿ ಕನ್ನಡಕ ಒರೆಸಿ ಒರೆಸಿ ಸಾಕಾಗುತ್ತದೆ, ನಿಜ. ಆದರೆ ಸಂಜೆ ಹೊತ್ತಿಗೆ ಅವಳ ಕಣ್ಣ ಬಿಳಿಯಲ್ಲಿ ಕೆಂಪು ಗೆರೆಗಳು, ಮರಳು ಬಿದ್ದ ಹಾಗೆ ಚುಚ್ಚುತ್ತಂತೆ. ಲೆನ್ಸ್ ಕೂರುವುದು ಕಣ್ಣೀರಿನ ತೆಳು ಪದರದ ನಡುವೆ. ಆ ಪದರ ಬೇಗ ಒಡೆದು ಕಣ್ಣು ಒಣಗುತ್ತದೆ. ಮೊಬೈಲ್ ನೋಡುವಾಗ ರೆಪ್ಪೆ ಬಡಿಯುವುದೂ ಕಡಿಮೆ ಅಲ್ವಾ, ಉರಿ ಇನ್ನೂ ಜಾಸ್ತಿ. ಕನ್ನಡಕ ಬೇಡವಾಗಲಿ ಅಂತ ಲೇಸಿಕ್ ಅನ್ನೋ ಲೇಸರ್ ಆಪರೇಷನ್ ಮಾಡಿಸಿದರೂ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ನರಗಳು ತುಂಡಾಗುವುದರಿಂದ ಎಷ್ಟೋ ಜನರಿಗೆ ಕೆಲವು ತಿಂಗಳು ಕಣ್ಣು ಒಣಗುತ್ತದೆ.

ನನಗೆ ಜಾಸ್ತಿ ಭಯ ಹೊಳೆ ನೀರಿನದು. ನೀರಲ್ಲಿರುವ ಅಕಾಂತಮೀಬಾ ಅನ್ನೋ ಕಣ್ಣಿಗೆ ಕಾಣದ ಸೂಕ್ಷ್ಮಜೀವಿ ಲೆನ್ಸಿಗೆ ಅಂಟಿಕೊಂಡು ಕಾರ್ನಿಯಾವನ್ನೇ ಹಾಳು ಮಾಡಬಹುದು. ತೀರ್ಥಹಳ್ಳಿಗೆ ಬಂದಾಗ ತುಂಗೆಗೆ ಇಳಿಯುವ ಮುಂಚೆ ಲೆನ್ಸ್ ತೆಗೆದಿಡು ಪುಟ್ಟಿ, ನಲ್ಲಿ ನೀರಲ್ಲೂ ಅದನ್ನು ತೊಳೆಯಬೇಡ ಅಂತ ಹೇಳಿದ್ದೇನೆ.