ಶಿಗೆರುವಿನ ಊಟದ ಡಬ್ಬಿ

ಜಪಾನಿನಲ್ಲಿ ಒಂಬತ್ತು ದಿನ ಇದ್ದೆವು. ಟೋಕಿಯೊ, ಕ್ಯೋಟೊ, ಒಸಾಕಾ ಎಲ್ಲ ನೋಡಿದೆವು. ಒಸಾಕಾದ ದೋತೊಂಬೊರಿಯ ದೀಪದ ಬೋರ್ಡುಗಳು, ಆ ನೂಕುನುಗ್ಗಲು ನನಗೆ ಒಂಚೂರೂ ಹಿಡಿಸಲಿಲ್ಲ. ಮಿಯಾಜಿಮಾದಲ್ಲಿ ಸಮುದ್ರದ ನೀರಲ್ಲಿ ನಿಂತ ಕೆಂಪು ಬಾಗಿಲು ಚೆನ್ನಾಗಿತ್ತು. ಆದರೆ ಮನೆಗೆ ಬಂದು ತಿಂಗಳಾದರೂ, ಬೆಳಿಗ್ಗೆ ಮಗನ ಡಬ್ಬಿ ತುಂಬುವಾಗ ನನಗೆ ನೆನಪಾಗುವುದು ಹಿರೋಶಿಮಾ.

ಹೋಗುವವರಿಗೆ ಒಂದು ಮಾತು. ಹಿರೋಶಿಮಾ ಸ್ಟೇಷನ್ನಿನಿಂದ 2 ಅಥವಾ 6ನೇ ನಂಬರಿನ ಟ್ರಾಮ್ ಹತ್ತಿ, ಗೆನ್‌ಬಾಕು ಡೋಮ್‌ಮಾಯೆ ನಿಲ್ದಾಣದಲ್ಲಿ ಇಳಿಯಿರಿ. ನಾವು ಆತುರದಲ್ಲಿ 5ನೇ ನಂಬರ್ ಹತ್ತಿ ಬಂದರಿನ ತನಕ ಹೋಗಿಬಿಟ್ಟೆವು. ವಾಪಸ್ ಬರುವಷ್ಟರಲ್ಲಿ ಶಾಂತಿ ಸ್ಮಾರಕ ಮ್ಯೂಸಿಯಂ ಒಳಗೆ ಕಾಲಿಡಲು ಜಾಗವಿರಲಿಲ್ಲ. ಬಾಗಿಲು ತೆಗೆಯುವ ಹೊತ್ತಿಗೇ ಹೋಗಬೇಕಿತ್ತು. ಅಂಥ ಕಡೆ ಒಬ್ಬರನ್ನೊಬ್ಬರು ತಳ್ಳಿಕೊಂಡು ಹೋಗಬೇಕಾಯಿತಲ್ಲ ಅಂತ ಇವತ್ತಿಗೂ ಬೇಜಾರು.

ಜನ ಮುಂದೆ ಸರಿಯಲಿ ಎಂದು ಗೋಡೆಗೆ ಒರಗಿ ಕಾದೆವು. ಆಮೇಲೆ ಒಂದು ಗಾಜಿನ ಪೆಟ್ಟಿಗೆಯ ಹತ್ತಿರ ಹೋದೆವು. ಒಳಗೊಂದು ಅಲ್ಯೂಮಿನಿಯಂ ಡಬ್ಬಿ. ನಮ್ಮನೆಯ ಹಳೇ ಡಬ್ಬಿಯ ಹಾಗೇ ಇದೆ. ಅದರೊಳಗೆ ಇದ್ದಿಲಿನಂಥ ಕಪ್ಪು ಗಟ್ಟಿ.

"ಅಮ್ಮ, ಇದು ಅನ್ನಾನಾ?"

"ಹೂಂ. ಅನ್ನ, ಬಾರ್ಲಿ, ಸೋಯಾ ಕಾಳು. ಜೊತೆಗೆ ಆಲೂಗಡ್ಡೆ ಪಲ್ಯ."

ನನ್ನ ಮಗನಿಗೆ ಈಗ ಹದಿಮೂರು. ಡಬ್ಬಿಯ ಹುಡುಗನಿಗೂ ಹದಿಮೂರೇ. ಹೆಸರು ಒರಿಮೆನ್ ಶಿಗೆರು. ಹಿರೋಶಿಮಾದ ಎರಡನೇ ಮಿಡ್ಲ್ ಸ್ಕೂಲಿನಲ್ಲಿ ಮೊದಲ ವರ್ಷ ಓದುತ್ತಿದ್ದ. ಅಪ್ಪ, ಅಣ್ಣ ಯುದ್ಧಕ್ಕೆ ಹೋಗಿದ್ದರು. ಹೊಲ ಇವನ ಪಾಲಿಗೆ ಬಂದಿತ್ತು. ಆ ದಿನದ ಡಬ್ಬಿಯಲ್ಲಿದ್ದದ್ದು ತಾನೇ ದುಡಿದು ಹಸನು ಮಾಡಿದ ಹೊಲದ ಮೊದಲ ಬೆಳೆ. ಅದಕ್ಕೇ ಖುಷಿಯಾಗಿ ಹೊರಟಿದ್ದನಂತೆ.

"ಮತ್ತೆ ಯಾಕೆ ತಿಂದಿಲ್ಲ?"

"ಬೆಳಿಗ್ಗೆ ಎಂಟೂಕಾಲು ಕಣೋ. ಊಟಕ್ಕೆ ಇನ್ನೂ ಎಷ್ಟೊಂದು ಹೊತ್ತಿತ್ತು."

"ಸ್ಕೂಲಲ್ಲಿ ಇರ್ಲಿಲ್ವಾ?"

ಇರಲಿಲ್ಲ. ಬಾಂಬ್ ಬಿದ್ದರೆ ಬೆಂಕಿ ಹರಡದಿರಲಿ ಎಂದು ಊರಿನ ನಡುವೆ ಮನೆಗಳನ್ನು ಸಾಲಾಗಿ ಕೆಡವುತ್ತಿದ್ದರು. ಆ ಕೆಲಸಕ್ಕೆ ಶಾಲೆಯ ಮಕ್ಕಳನ್ನು ಕರೆಸಿದ್ದರು. 1945ರ ಆಗಸ್ಟ್ 6ರಂದು ಅಣುಬಾಂಬ್ ಸಿಡಿದ ಜಾಗದಿಂದ ಸುಮಾರು 600 ಮೀಟರ್ ದೂರದಲ್ಲಿ, ಬಯಲಲ್ಲಿ ಈ ಮಕ್ಕಳಿದ್ದರು. ಊರಿನಲ್ಲಿ ಇಂಥ ಕೆಲಸಕ್ಕೆ ಬಂದ ಸಾವಿರಾರು ಮಕ್ಕಳು ಸತ್ತರು. ಅವತ್ತಿನ ಬಾಂಬಿಗೆ ಸಿಕ್ಕಿ ಅರ್ಧ ಮುರಿದು ನಿಂತ ಗುಮ್ಮಟದ ಕಟ್ಟಡವೇ ಡೋಮ್. ಅದರ ಪಕ್ಕದಲ್ಲಿ ಈ ಮಕ್ಕಳಿಗೆಂದೇ ಒಂದು ಗೋಪುರವಿದೆ. ಫೋಟೊ ತೆಗೆಯುವವರೆಲ್ಲ ಡೋಮ್ ಕಡೆಗೇ ತಿರುಗಿರುತ್ತಾರೆ. ದಯವಿಟ್ಟು ಈ ಗೋಪುರದ ಮುಂದೆಯೂ ಒಂದೆರಡು ನಿಮಿಷ ನಿಲ್ಲಿ.

ಮಗ ಗಾಜು ಬಿಟ್ಟು ಕದಲಲಿಲ್ಲ.

"ಅವರಮ್ಮನಿಗೆ ಅವನು ಹೇಗೆ ಸಿಕ್ಕಿದ?"

"ಮೂರು ದಿನ ಹುಡುಕಿದ್ರಂತೆ. ಡಬ್ಬಿಯನ್ನ ಹೊಟ್ಟೆ ಕೆಳಗೆ ಅವುಚಿಕೊಂಡು ಮಲಗಿದ್ದನಂತೆ."

"ಡಬ್ಬಿ ಅವರೇ ಕಟ್ಟಿಕೊಟ್ಟಿದ್ದು ಅಲ್ವಾ?"

ಹೌದು ಎನ್ನಲು ನನಗೆ ಬಾಯಿ ಬರಲಿಲ್ಲ. ತಾಯಿಯ ಹೆಸರು ಶಿಗೆಕೊ. ಆ ಡಬ್ಬಿಯನ್ನು ಕೈಯಲ್ಲಿ ತೆಗೆದುಕೊಂಡಾಗ ಅದು ಎಷ್ಟು ಭಾರ ಇತ್ತೋ. ತುಂಬಿಸಿಕೊಟ್ಟ ಡಬ್ಬಿ ಹಾಗೇ ವಾಪಸ್ ಬಂದರೆ ಅದು ಕೈಗೇ ಗೊತ್ತಾಗುತ್ತದೆ, ಮುಚ್ಚಳ ತೆಗೆಯಬೇಕಿಲ್ಲ. ಮಗ ಊಟ ಬಿಟ್ಟು ಬಂದ ದಿನ ನಾನು ಬೈಯುತ್ತೇನೆ.

ಹೊರಗೆ ಬಂದು ಹೊನ್‌ಕಾವಾ ನದಿಯ ದಡಕ್ಕೆ ನಡೆದೆವು. ಶಿಗೆರುವಿನ ಶಾಲೆಯ ಸ್ಮಾರಕದ ಕಲ್ಲು ಅಲ್ಲಿದೆ. ಮೊದಲ ವರ್ಷದ 321 ಮಕ್ಕಳು, 4 ಜನ ಮೇಷ್ಟ್ರು. ಒಬ್ಬರೂ ಉಳಿಯಲಿಲ್ಲ. ಕಲ್ಲಿನ ಬುಡದಲ್ಲಿ ಯಾರೋ ನೀರಿನ ಬಾಟ್ಲಿ ಇಟ್ಟಿದ್ದರು. ಸುಟ್ಟ ಮೈಯಲ್ಲಿ ಅವತ್ತು ಎಲ್ಲರೂ ಕೇಳಿದ್ದು ನೀರು. ಅದಕ್ಕೇ ಈ ಊರಿನ ಸ್ಮಾರಕಗಳ ಮುಂದೆ ಇವತ್ತಿಗೂ ನೀರು ಇಡುತ್ತಾರೆ.

ನನ್ನ ಚೀಲದಲ್ಲಿ ಬೆಳಿಗ್ಗೆ ಹೋಟೆಲ್ ರೂಮಿನಲ್ಲಿ ಕಲಸಿದ ಅವಲಕ್ಕಿಯ ಡಬ್ಬಿ ಇತ್ತು. ಮಧ್ಯಾಹ್ನ ಎರಡಾಗಿತ್ತು. ಮಗನಿಗೆ ಹಸಿವಾಗಿರಬೇಕು. ಆದರೆ ಅವನು ಮ್ಯೂಸಿಯಂನಲ್ಲಿ ಶಿಗೆರುವಿನ ಹೆಸರಿನ ಫೋಟೊ ತೆಗೆದುಕೊಂಡಿದ್ದ. ಜಪಾನಿ ಲಿಪಿಯಲ್ಲಿ ಮೂರೇ ಅಕ್ಷರ. ಕಲ್ಲಿನಲ್ಲಿ ಕೊರೆದ ಹೆಸರುಗಳ ಮೇಲೆ ಬೆರಳಿಟ್ಟು, ಫೋನ್ ನೋಡುತ್ತಾ, ಆ ಮೂರು ಅಕ್ಷರ ಎಲ್ಲಿವೆ ಎಂದು ಒಂದೊಂದೇ ಸಾಲು ಹುಡುಕುತ್ತಿದ್ದ.

"ಬಾರೋ, ತಿನ್ನು" ಅಂತ ಕರೆಯಲಿಲ್ಲ. ಪಕ್ಕಕ್ಕೆ ಹೋಗಿ, ಇನ್ನೊಂದು ತುದಿಯಿಂದ ನಾನೂ ಹುಡುಕತೊಡಗಿದೆ.